ತೊಪ್ಪಿ ನನಗೆ ಹಾಕಿದ ಟೊಪ್ಪಿ

ಮಕ್ಕಳ ಕಥೆಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಪುಟಕ್ಕೆ ಆರು ಚೌಕ, ಸ್ಕೇಲ್ ಇಟ್ಟು ಎಳೆದ ಗೆರೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಆಮೇಲೆ ಇಟಲಿಯ ಸೆರ್ಜಿಯೊ ತೊಪ್ಪಿ ಬರೆದ 'ಶರಾಜ್-ದೆ' ಎಂಬ ಚಿತ್ರಕಥೆಯ ಪುಸ್ತಕ ಕೈಗೆ ಸಿಕ್ಕಿತು. ಸಾವಿರದೊಂದು ರಾತ್ರಿಯ ಕಥೆಗಳು. ಎಷ್ಟೋ ಪುಟಗಳಲ್ಲಿ ಚೌಕಗಳೇ ಇಲ್ಲ! ಮೇಲಿನಿಂದ ಕೆಳಗಿನವರೆಗೆ ಒಂದೇ ಆಕೃತಿ. ಬಟ್ಟೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಅಂತ ಹುಡುಕಬೇಕು.

ಕಾರ್ಟ್ರಿಜ್ ಶೀಟ್ ತಗೊಂಡು ನಕಲು ಮಾಡಲು ಕೂತೆ. ಒಂದು ಭುಜಕ್ಕೇ ಎರಡು ಸಂಜೆ ಹೋಯಿತು. ನಾನು ಗೆರೆ ತುಂಬುವುದು ನೆರಳಿಗೆ. ಅವರು ತುಂಬುವುದು ಆ ವಸ್ತುವಿನ ಮೈಗೆ. ಒಂದು ಕಡೆ ಒತ್ತೊತ್ತಾದ ಅಡ್ಡಗೆರೆ, ಪಕ್ಕದಲ್ಲಿ ಚುಕ್ಕೆ, ಅದರ ಪಕ್ಕ ಮರದ ತೊಗಟೆಯಂಥ ಬಿರುಕು. ಆಮೇಲೆ ಇದ್ದಕ್ಕಿದ್ದಂತೆ ಖಾಲಿ ಬಿಳಿ. ಆ ಬಿಳಿ ಬಿಡಲು ನನ್ನ ಕೈ ಒಪ್ಪಲಿಲ್ಲ. ಅಲ್ಲೂ ನಿಬ್ ಆಡಿಸಿದೆ. ಮುಖವೇ ಮುಳುಗಿಹೋಯಿತು.

ಆದರೂ ಧೈರ್ಯ ಬಂತು. ನನ್ನದೇ ಒಂದು ಕಥೆಯನ್ನು ಚೌಕವಿಲ್ಲದೆ ಬರೆದು ಅಕ್ಕನ ಮಗನಿಗೆ ಕೊಟ್ಟೆ. ಅವನು ಕೆಳಗಿನ ಮಾತು ಮೊದಲು ಓದಿದ. "ಮಾಮ, ಇವನು ಸತ್ತ ಮೇಲೆ ಊಟ ಕೇಳ್ತಾನಾ?" ತೊಪ್ಪಿ ನನಗೇ ಟೊಪ್ಪಿ ಹಾಕಿದರು ಅಂದುಕೊಂಡೆ.

ಆಮೇಲೆ ತೊಪ್ಪಿಯವರ ಬದುಕಿನ ಕಥೆ ಓದಿದೆ. 1932ರಲ್ಲಿ ಮಿಲಾನಿನಲ್ಲಿ ಹುಟ್ಟಿದವರು. ಮಕ್ಕಳ ವಿಶ್ವಕೋಶಕ್ಕೆ ಚಿತ್ರ, ಜಾಹೀರಾತಿನ ಆನಿಮೇಷನ್, ಆಮೇಲೆ 'ಕೊರಿಯೆರೆ ದೆಯ್ ಪಿಕ್ಕೊಲಿ' ಎಂಬ ಮಕ್ಕಳ ವಾರಪತ್ರಿಕೆ. 1975ರಲ್ಲಿ ಇಟಲಿಯ ಲುಕ್ಕಾ ಊರಿನಲ್ಲಿ ಚಿತ್ರಕಥೆಗಳಿಗೆ ಕೊಡುವ ಯೆಲ್ಲೋ ಕಿಡ್ ಪ್ರಶಸ್ತಿ ಬಂದಾಗ ವಯಸ್ಸು ನಲವತ್ತು ದಾಟಿತ್ತು. 'ಶರಾಜ್-ದೆ' ಬಂದದ್ದು ಅದಕ್ಕೂ ಆಮೇಲೆ. ಒಬ್ಬನೇ ನಾಯಕನನ್ನು ಹಿಡಿದುಕೊಂಡಿದ್ದರೆ ಹೊಟ್ಟೆಪಾಡು ಸುಲಭವಿತ್ತೇನೋ. ಅವರು ಹೆಚ್ಚಾಗಿ ಬಿಡಿ ಕಥೆಗಳನ್ನೇ ಬರೆದರು. ಮತ್ತೆ ಮತ್ತೆ ಬರುವ ಪಾತ್ರ ಅಂದರೆ 'ಕೊಲ್ಲೆತ್ಸಿಯೊನಿಸ್ತಾ', ಅಂದರೆ ಸಂಗ್ರಾಹಕ, ಅಪರೂಪದ ವಸ್ತು ಹುಡುಕಿಕೊಂಡು ಅಲೆಯುವವನು. 2012ರಲ್ಲಿ ಮಿಲಾನಿನಲ್ಲೇ ತೀರಿಕೊಂಡರು.

ಮತ್ತೆ ಪುಟ ತೆರೆದು ನೋಡಿದೆ. ಪಾತ್ರದ ಕಣ್ಣು ಎತ್ತ, ಈಟಿಯ ತುದಿ ಎತ್ತ, ಮುಂದಿನ ಮಾತು ಅತ್ತಲೇ ಇರುತ್ತದೆ. ಗೆರೆ ಕಾಣುವುದಿಲ್ಲ ಅಷ್ಟೇ, ದಾರಿ ಇದೆ.

ಈಗ ನಾನು ಪೆನ್ಸಿಲಿನಲ್ಲಿ ಆರು ಚೌಕ ಹಾಕಿಯೇ ಶುರು ಮಾಡುತ್ತೇನೆ. ಮಾತುಗಳನ್ನು ಚೀಟಿಯಲ್ಲಿ ಬರೆದು ಪುಟದ ಮೇಲೆ ಸರಿಸಾಡುತ್ತೇನೆ. ಇಂಕ್ ಆಮೇಲೆ, ರಬ್ಬರ್ ಕೊನೆಗೆ. ಹೋದ ವಾರ ಹುಡುಗ ಎಲ್ಲವನ್ನೂ ಸರಿಯಾಗಿ ಓದಿದ, ಒಂದು ಕಡೆ ಬಿಟ್ಟು. ಅಲ್ಲಿ ಸುಮ್ನೆ ಸ್ಕೇಲ್ ಇಟ್ಟು ಚೌಕ ಎಳೆದುಬಿಟ್ಟೆ.