ರ‍್ಯಾಮ್ ಸಾಲದಾಗ: ಲಿನಕ್ಸ್‌ನಲ್ಲಿ ಸ್ವಾಪ್ ಜಾಗ ಮಾಡಿಕೊಳ್ಳುವುದು ಹೇಗೆ?

ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಜೊತೆಗೆ ಒಂದು ವಿಡಿಯೊ ಎಡಿಟರ್. ಮೌಸ್ ಮೊದಲು ತಡವರಿಸುತ್ತದೆ, ಆಮೇಲೆ ನಿಂತೇ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಬ್ರೌಸರ್ ಮಾಯ. ಕ್ರ್ಯಾಶ್ ಆಯಿತು ಎಂದು ನಾವು ಅದನ್ನು ಬೈಯುತ್ತೇವೆ. ಎಷ್ಟೋ ಸಲ ಅದನ್ನು ಮುಚ್ಚಿದ್ದು ಲಿನಕ್ಸ್‌ನ ತಿರುಳಾದ ಕರ್ನಲ್ಲೇ. ಮೆಮೊರಿ ಪೂರ್ತಿ ಮುಗಿದಾಗ ಒಂದು ಪ್ರೋಗ್ರಾಮನ್ನು ಬಲಿ ಕೊಟ್ಟು ಉಳಿದವನ್ನು ಕಾಪಾಡುವ ಏರ್ಪಾಡು ಅದರೊಳಗೆ ಇದೆ. ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಅಂತ ಅದರ ಹೆಸರು.

ಆ ಹಂತಕ್ಕೆ ಬೇಗ ಹೋಗದಂತೆ ತಡೆಯುವುದು ಸ್ವಾಪ್. ಕರ್ನಲ್ ಮೆಮೊರಿಯನ್ನು ಪೇಜ್ ಎಂಬ ಸಣ್ಣ ತುಂಡುಗಳಾಗಿ ನೋಡುತ್ತದೆ. ನಮ್ಮ ಸಾಮಾನ್ಯ ಪಿಸಿಗಳಲ್ಲಿ ಒಂದು ಪೇಜ್ ಅಂದರೆ 4 ಕೆಬಿ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪೇಜುಗಳನ್ನು ಅದು ಡಿಸ್ಕ್‌ನ ಸ್ವಾಪ್ ಜಾಗಕ್ಕೆ ಬರೆದು ರ‍್ಯಾಮ್‌ನಲ್ಲಿ ಜಾಗ ಖಾಲಿ ಮಾಡುತ್ತದೆ. ಮತ್ತೆ ಬೇಕಾದಾಗ ಓದಿ ತರುತ್ತದೆ. ದಿನಾ ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ. ಅಟ್ಟ ಇದೆ ಅಂತ ಮನೆ ದೊಡ್ಡದಾಗುವುದಿಲ್ಲ, ಅಲ್ವಾ? ಸ್ವಾಪ್ ಕೂಡ ಹಾಗೇ. ಅದು ಹೆಚ್ಚುವರಿ ರ‍್ಯಾಮ್ ಅಲ್ಲ.

ಈ ಸೌಲಭ್ಯ ಹುಟ್ಟಿದ ಕತೆ ಚೆನ್ನಾಗಿದೆ. 1991ರಲ್ಲಿ ಲಿನಕ್ಸ್ ಇನ್ನೂ ಕೂಸು. ಬರೀ 2 ಎಂಬಿ ರ‍್ಯಾಮ್ ಇದ್ದ ಬಳಕೆದಾರರೊಬ್ಬರಿಗೆ ಕರ್ನಲ್ ಕಂಪೈಲ್ ಮಾಡಲು ಮೆಮೊರಿ ಸಾಲಲಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಕೂತು ಡಿಸ್ಕ್‌ಗೆ ಪೇಜಿಂಗ್ ಮಾಡುವ ಕೋಡ್ ಬರೆದರು.

‘ನನ್ನ ಹತ್ತಿರ 16 ಜಿಬಿ ರ‍್ಯಾಮ್ ಇದೆ, ಸ್ವಾಪ್ ಯಾಕೆ? ಅದು ನಿಧಾನ’ ಎನ್ನುವವರು ಬಹಳ. ಇಲ್ಲೊಂದು ಸೂಕ್ಷ್ಮ ಇದೆ. ರ‍್ಯಾಮ್‌ನಲ್ಲಿರುವ ಪೇಜುಗಳು ಎರಡು ಥರ. ಪ್ರೋಗ್ರಾಮಿನ ಕೋಡ್‌ನಂಥವು ಡಿಸ್ಕ್‌ನಲ್ಲಿ ಫೈಲ್ ಆಗಿ ಮೊದಲೇ ಇರುತ್ತವೆ. ಅವನ್ನು ಕರ್ನಲ್ ಸುಮ್ನೆ ಬಿಸಾಡಿ, ಬೇಕಾದಾಗ ಮತ್ತೆ ಓದಿಕೊಳ್ಳಬಹುದು. ಪ್ರೋಗ್ರಾಮ್ ಓಡುವಾಗ ಹುಟ್ಟಿದ ಡೇಟಾಗೆ ಡಿಸ್ಕ್‌ನಲ್ಲಿ ಪ್ರತಿ ಇರುವುದಿಲ್ಲ. ಅದನ್ನು ಇಡಲು ಸ್ವಾಪ್ ಒಂದೇ ಜಾಗ. ಸ್ವಾಪ್ ಇಲ್ಲದಿದ್ದರೆ, ಬೆಳಿಗ್ಗೆ ತೆರೆದು ಮರೆತ ಟ್ಯಾಬಿನ ಡೇಟಾ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಈಗ ಓಡುತ್ತಿರುವ ಪ್ರೋಗ್ರಾಮಿನ ಕೋಡ್ ಹೊರಗೆ ಹೋಗುತ್ತದೆ, ಮರುಕ್ಷಣ ಮತ್ತೆ ಒಳಗೆ ಬರುತ್ತದೆ. ಡಿಸ್ಕ್ ಲೈಟ್ ಒಂದೇ ಸಮನೆ ಮಿನುಗುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಹಾಗಾಗಿ ಸ್ವಾಪ್ ತೆಗೆದರೆ ಮೆಷಿನ್ ವೇಗವಾಗುತ್ತದೆ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಎಷ್ಟು ಬೇಕು?

ರ‍್ಯಾಮ್‌ನ ಎರಡು ಪಟ್ಟು ಎಂಬುದು ಹಳೆಯ ಲೆಕ್ಕ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಸಲಹೆ ಹೀಗಿದೆ: 2 ಜಿಬಿವರೆಗೆ ರ‍್ಯಾಮ್ ಇದ್ದರೆ ಎರಡು ಪಟ್ಟು, 2ರಿಂದ 8 ಜಿಬಿಗೆ ರ‍್ಯಾಮ್‌ನಷ್ಟೇ, 8ರಿಂದ 64 ಜಿಬಿಗೆ ಕನಿಷ್ಠ 4 ಜಿಬಿ. ಲ್ಯಾಪ್‌ಟಾಪನ್ನು ಹೈಬರ್ನೇಟ್ ಮಾಡುವವರಿಗೆ, ಅಂದರೆ ತೆರೆದ ಕೆಲಸವನ್ನೆಲ್ಲ ಡಿಸ್ಕ್‌ನಲ್ಲಿಟ್ಟು ಮೆಷಿನ್ ಆರಿಸುವವರಿಗೆ, ಇದು ಸಾಲದು. ಆಗ ರ‍್ಯಾಮ್‌ನಲ್ಲಿರುವುದೆಲ್ಲ ಸ್ವಾಪ್‌ಗೆ ಇಳಿಯಬೇಕು. ರ‍್ಯಾಮ್‌ಗಿಂತ ಸ್ವಲ್ಪ ಜಾಸ್ತಿಯೇ ಇರಲಿ.

ಸ್ವಾಪ್‌ಗೆ ಬೇರೆ ಪಾರ್ಟಿಷನ್ (ಡಿಸ್ಕ್‌ನ ಒಂದು ಪ್ರತ್ಯೇಕ ಭಾಗ) ಮಾಡಬಹುದು, ಇಲ್ಲವೇ ಒಂದು ಫೈಲ್ ಸಾಕು. ಉಬುಂಟು 2017ರ 17.04 ಆವೃತ್ತಿಯಿಂದಲೇ ಫೈಲ್ ಕಡೆ ಹೊರಳಿತು. ನನ್ನ ಓಟೂ ಫೈಲ್‌ಗೇ. ಮುಂದೆ ಗಾತ್ರ ಬದಲಿಸಬೇಕೆಂದರೆ ಪಾರ್ಟಿಷನ್ ಕಡಿಯುವ ರಗಳೆ ಇಲ್ಲ.

ಮಾಡುವ ಬಗೆ

ಕೆಳಗಿನ ಕಮಾಂಡುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ಗಾತ್ರ ಸೂಚಿಸುವ ‘ಜಿ’ ಮತ್ತು ‘ಎಂ’ ಮಾತ್ರ ದೊಡ್ಡಕ್ಷರ. ‘ಸುಡೊ’ ಅಂದರೆ ಕಮಾಂಡನ್ನು ರೂಟ್, ಅಂದರೆ ಸಿಸ್ಟಂನ ಯಜಮಾನನ ಅಧಿಕಾರದಲ್ಲಿ ಓಡಿಸು ಎಂದು.

ಮೊದಲು ಈಗಾಗಲೇ ಸ್ವಾಪ್ ಇದೆಯೇ ನೋಡಿ:

ಸ್ವಾಪ್‌ಆನ್ --ಶೋ

ಏನೂ ಬರದೆ ಖಾಲಿ ಸಾಲು ಕಂಡರೆ ಸ್ವಾಪ್ ಇಲ್ಲ ಎಂದರ್ಥ. ‘ಫ್ರೀ -ಎಚ್’ ಕೊಟ್ಟರೆ ರ‍್ಯಾಮ್ ಮತ್ತು ಸ್ವಾಪ್ ಎರಡರ ಲೆಕ್ಕವೂ ಸಿಗುತ್ತದೆ. ಡಿಸ್ಕ್‌ನಲ್ಲಿ ಜಾಗ ಇದೆಯೇ ಎಂದು ‘ಡಿಎಫ್ -ಎಚ್’ ಹೇಳುತ್ತದೆ. ಇದ್ದರೆ 4 ಜಿಬಿಯ ಫೈಲ್ ಮಾಡಿ:

ಸುಡೊ ಡಿಡಿ ಐಎಫ್=/ಡೆವ್/ಜೀರೊ ಓಎಫ್=/ಸ್ವಾಪ್‌ಫೈಲ್ ಬಿಎಸ್=1ಎಂ ಕೌಂಟ್=4096

ಒಂದೊಂದು ಎಂಬಿಯ 4096 ತುಂಡು, ಒಟ್ಟು 4 ಜಿಬಿ. ‘ಓಎಫ್’ ಮುಂದೆ ಏನು ಬರೆಯುತ್ತೀರಿ ಎಂಬುದನ್ನು ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ. ಅಲ್ಲಿ ತಪ್ಪಿ ಡಿಸ್ಕ್‌ನ ಹೆಸರು ಬಿದ್ದರೆ ಡಿಡಿ ಒಂದು ಮಾತೂ ಕೇಳದೆ ಅದನ್ನು ಅಳಿಸುತ್ತದೆ. ‘ಫಾಲೊಕೇಟ್ -ಎಲ್ 4ಜಿ /ಸ್ವಾಪ್‌ಫೈಲ್’ ಎಂಬುದು ಕ್ಷಣದಲ್ಲಿ ಮುಗಿಯುವ ದಾರಿ. ಆದರೆ ಕೆಲವು ಫೈಲ್ ಸಿಸ್ಟಂಗಳಲ್ಲಿ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳಲ್ಲಿ) ಹಾಗೆ ಮಾಡಿದ ಫೈಲಿನಲ್ಲಿ ತೂತುಗಳಿವೆ, ಅಂದರೆ ಬರೆಯದೆ ಬಿಟ್ಟ ಜಾಗಗಳಿವೆ ಎಂದು ಸ್ವಾಪ್‌ಆನ್ ತಕರಾರು ತೆಗೆಯುತ್ತದೆ. ಡಿಡಿಗಾಗಿ ಒಂದೆರಡು ನಿಮಿಷ ಕಾದರೆ ಏನೂ ಹೋಗುವುದಿಲ್ಲ.

ನಿಮ್ಮ ಡಿಸ್ಕ್‌ನ ಫೈಲ್ ಸಿಸ್ಟಂ ಬಿಟಿಆರ್‌ಎಫ್‌ಎಸ್ ಆಗಿದ್ದರೆ ಮೇಲಿನ ಎರಡೂ ಬೇಡ. ಅದರಲ್ಲಿ ಸ್ವಾಪ್ ಫೈಲ್‌ಗೆ ಅವಕಾಶ ಬಂದದ್ದೇ 2019ರ 5.0 ಕರ್ನಲ್‌ನಿಂದ. ಅದಕ್ಕೆಂದೇ ಇರುವ ‘ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಎಂಕೆಸ್ವಾಪ್‌ಫೈಲ್’ ಬಳಸಿ.

ಈಗ ಫೈಲಿಗೆ ಬೀಗ:

ಸುಡೊ ಸಿಎಚ್‌ಮಾಡ್ 600 /ಸ್ವಾಪ್‌ಫೈಲ್

ಇದನ್ನು ಬಿಡಬೇಡಿ. ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಅರ್ಧ ಬರೆದ ಪತ್ರ, ಯಾವುದು ಬೇಕಾದರೂ ಈ ಫೈಲಿಗೆ ಬರಬಹುದು. ರೂಟ್ ಬಿಟ್ಟು ಬೇರೆ ಯಾರೂ ಓದುವಂತಿರಬಾರದು. ಆಮೇಲೆ ಫೈಲಿಗೆ ಸ್ವಾಪ್ ಗುರುತು ಹಾಕಿ, ಚಾಲೂ ಮಾಡಿ:

ಸುಡೊ ಎಂಕೆಸ್ವಾಪ್ /ಸ್ವಾಪ್‌ಫೈಲ್
ಸುಡೊ ಸ್ವಾಪ್‌ಆನ್ /ಸ್ವಾಪ್‌ಫೈಲ್

ಮತ್ತೆ ‘ಸ್ವಾಪ್‌ಆನ್ --ಶೋ’ ಕೊಟ್ಟರೆ ಹೊಸ ಫೈಲ್ ಕಾಣುತ್ತದೆ. ಆದರೆ ರೀಸ್ಟಾರ್ಟ್ ಮಾಡಿದರೆ ಈ ಸ್ವಾಪ್ ಚಾಲೂ ಇರುವುದಿಲ್ಲ. ಉಳಿಯಬೇಕಾದರೆ, ಮೆಷಿನ್ ಶುರುವಾಗುವಾಗ ಯಾವ ಡಿಸ್ಕ್, ಯಾವ ಸ್ವಾಪ್ ಜೋಡಿಸಬೇಕು ಎಂಬ ಪಟ್ಟಿ ಇರುವ ‘/ಇಟಿಸಿ/ಎಫ್‌ಸ್ಟ್ಯಾಬ್’ ಫೈಲಿನ ಕೊನೆಗೆ ಈ ಸಾಲು ಸೇರಿಸಬೇಕು:

/ಸ್ವಾಪ್‌ಫೈಲ್ ನನ್ ಸ್ವಾಪ್ ಎಸ್‌ಡಬ್ಲ್ಯು 0 0

ಸೇರಿಸುವ ಮುನ್ನ ಎಫ್‌ಸ್ಟ್ಯಾಬ್‌ನ ಒಂದು ನಕಲು ಇಟ್ಟುಕೊಳ್ಳಿ. ನಾನು ಒಮ್ಮೆ ‘ಟೀ’ ಕಮಾಂಡಿನಿಂದ ಈ ಸಾಲು ಬರೆಯುವಾಗ, ಕೊನೆಗೆ ಸೇರಿಸು ಎಂದು ಹೇಳುವ ‘-ಎ’ ಮರೆತೆ. ಇಡೀ ಫೈಲ್ ಅಳಿಸಿ ಇದೊಂದೇ ಸಾಲು ಉಳಿಯಿತು. ರೀಸ್ಟಾರ್ಟ್ ಆದ ಮೇಲೆ ಸಿಸ್ಟಂ ಎದ್ದಿತೇನೋ ನಿಜ, ಆದರೆ ಡಿಸ್ಕ್ ಓದಲು ಮಾತ್ರ, ಒಂದಕ್ಷರ ಬರೆಯಲೂ ಬಿಡದು! ಅಂದಿನಿಂದ ಎಡಿಟರ್‌ನಲ್ಲಿ ತೆರೆದೇ ಬರೆಯುತ್ತೇನೆ. ಸಾಲು ಸರಿ ಇದೆಯೇ ಎಂದು ನೋಡಲು ರೀಸ್ಟಾರ್ಟ್‌ವರೆಗೆ ಕಾಯಬೇಕಿಲ್ಲ. ‘ಸುಡೊ ಸ್ವಾಪ್‌ಆಫ್ /ಸ್ವಾಪ್‌ಫೈಲ್’ ಕೊಟ್ಟು, ಹಿಂದೆಯೇ ‘ಸುಡೊ ಸ್ವಾಪ್‌ಆನ್ -ಎ’ ಕೊಡಿ. ಎರಡನೆಯದು ಎಫ್‌ಸ್ಟ್ಯಾಬ್ ಓದಿಯೇ ಕೆಲಸ ಮಾಡುತ್ತದೆ.

60ರ ಗೊಂದಲ

ಸ್ವಾಪಿನೆಸ್ ಎಂಬ ಒಂದು ಸೆಟ್ಟಿಂಗ್ ಇದೆ. ಸಾಮಾನ್ಯವಾಗಿ ಅದರ ಬೆಲೆ 60. ರ‍್ಯಾಮ್ ಶೇ 60 ತುಂಬಿದಾಗ ಸ್ವಾಪ್ ಶುರು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಜಾಗ ಬೇಕಾದಾಗ ಫೈಲಿನ ಪೇಜುಗಳನ್ನು ಬಿಸಾಡುವುದೋ, ಡೇಟಾ ಪೇಜುಗಳನ್ನು ಸ್ವಾಪ್‌ಗೆ ಕಳಿಸುವುದೋ ಎಂಬ ತಕ್ಕಡಿಯ ಮುಳ್ಳು ಅದು. ಅಂಕಿ ಇಳಿಸಿದಷ್ಟೂ ಸ್ವಾಪ್ ಕಡೆ ಒಲವು ಕಡಿಮೆ. ಡೆಸ್ಕ್‌ಟಾಪ್‌ನಲ್ಲಿ 10 ಮಾಡಿ ನೋಡಬೇಕೆಂದರೆ:

ಸುಡೊ ಸಿಸ್‌ಸಿಟಿಎಲ್ ವಿಎಂ.ಸ್ವಾಪಿನೆಸ್=10

ಹಿಡಿಸಿದರೆ ‘/ಇಟಿಸಿ/ಸಿಸ್‌ಸಿಟಿಎಲ್.ಡಿ’ ಫೋಲ್ಡರಿನಲ್ಲಿ ‘.ಕಾನ್ಫ್’ ಎಂದು ಕೊನೆಯಾಗುವ ಫೈಲ್ ಮಾಡಿ, ‘ವಿಎಂ.ಸ್ವಾಪಿನೆಸ್=10’ ಎಂದು ಬರೆದಿಡಿ. ಎಸ್‌ಎಸ್‌ಡಿ ಇದ್ದರೆ 60ನ್ನು ಮುಟ್ಟದಿದ್ದರೂ ನಡೆಯುತ್ತದೆ.

ಸ್ವಾಪ್ ಹಾಕಿದ ಮೇಲೆ ಜನ ಹೆದರುವುದು ಇನ್ನೊಂದಕ್ಕೆ: ‘ಒಂದು ಜಿಬಿ ಸ್ವಾಪ್ ಬಳಕೆಯಾಗಿದೆ!’ ಆಗಲಿ ಬಿಡಿ. ಅಟ್ಟದಲ್ಲಿ ಸಾಮಾನು ಇರುವುದು ತೊಂದರೆಯಲ್ಲ, ದಿನವಿಡೀ ಏಣಿ ಹತ್ತಿ ಇಳಿಯುವುದು ತೊಂದರೆ. ಅದನ್ನು ನೋಡಲು ‘ವಿಎಂಸ್ಟ್ಯಾಟ್ 1’ ಕೊಡಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಮೆಷಿನ್ ಶುರುವಾದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಡಿ. ‘ಎಸ್‌ಐ’ ಎಂಬುದು ಸ್ವಾಪಿನಿಂದ ಒಳಗೆ ಬಂದದ್ದು, ‘ಎಸ್‌ಓ’ ಹೊರಗೆ ಹೋದದ್ದು. ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಎಲ್ಲ ಸರಿ. ದೊಡ್ಡ ಅಂಕಿಗಳು ನಿಲ್ಲದೆ ಓಡುತ್ತಿದ್ದರೆ ಸ್ವಾಪ್ ಹೆಚ್ಚಿಸಿ ಪ್ರಯೋಜನವಿಲ್ಲ. ರ‍್ಯಾಮ್ ಹಾಕಿಸಬೇಕು, ಇಲ್ಲವೇ ಕೆಲವು ಪ್ರೋಗ್ರಾಮ್ ಮುಚ್ಚಬೇಕು.

ಝಡ್‌ರ‍್ಯಾಮ್ ಎಂಬ ಇನ್ನೊಂದು ದಾರಿಯೂ ಇದೆ. ಅದು ಪೇಜುಗಳನ್ನು ಡಿಸ್ಕ್‌ಗೆ ಕಳಿಸದೆ, ರ‍್ಯಾಮ್‌ನಲ್ಲೇ ಕುಗ್ಗಿಸಿ ಇಡುತ್ತದೆ. ಫೆಡೋರಾ 2020ರ 33ನೇ ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ಹೀಗಾಗಿ ಅಲ್ಲಿ ‘ಸ್ವಾಪ್‌ಆನ್ --ಶೋ’ ಕೊಟ್ಟಾಗ ಝಡ್‌ರ‍್ಯಾಮ್ ಹೆಸರು ಕಂಡರೆ ಗಾಬರಿ ಬೇಡ. ಅದರ ಜೊತೆಗೂ ಡಿಸ್ಕ್ ಫೈಲ್ ಇಡಬಹುದು. ಆದ್ಯತೆಯ ಅಂಕಿ ಯಾವುದಕ್ಕೆ ಜಾಸ್ತಿಯೋ ಅದು ಮೊದಲು ತುಂಬುತ್ತದೆ.

ಗಾತ್ರ ಬದಲಿಸಬೇಕಾದರೆ ಸ್ವಾಪ್‌ಆಫ್ ಮಾಡಿ, ಫೈಲ್ ಅಳಿಸಿ, ಹೊಸದಾಗಿ ಮಾಡಿ. ಎಫ್‌ಸ್ಟ್ಯಾಬ್‌ನ ಸಾಲು ಹಾಗೇ ಇರಲಿ. ಸ್ವಾಪ್‌ಆಫ್ ಕೊಟ್ಟಾಗ ಅಲ್ಲಿರುವುದೆಲ್ಲ ರ‍್ಯಾಮ್‌ಗೆ ವಾಪಸ್ ಬರಬೇಕು, ಅದಕ್ಕೆ ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತವೆ. ರ‍್ಯಾಮ್‌ನಲ್ಲಿ ಜಾಗ ಇಲ್ಲದಿದ್ದರೆ ಆಗುವುದಿಲ್ಲ ಎಂದು ಹೇಳಿಬಿಡುತ್ತದೆ. ಆಗ ಬ್ರೌಸರ್ ಮುಚ್ಚಿ ಮತ್ತೆ ಕೊಡಿ.