ನಂದಿ ಬೆಟ್ಟ ಹತ್ತಿದ್ದಾಯಿತು, ಸೈಕಲ್ಲಲ್ಲಿ ಇಳಿಯುವುದು ಹೇಗೆ?

ಭಾನುವಾರ ಬೆಳಗಿನ ಜಾವ ಕಾರಹಳ್ಳಿ ಕ್ರಾಸ್‌ನಲ್ಲಿ ಸೈಕಲ್ಲುಗಳ ಜಾತ್ರೆ. ಬೆಂಗಳೂರಿನವರು, ದೇವನಹಳ್ಳಿಯವರು, ನಮ್ಮ ಚಿಕ್ಕಬಳ್ಳಾಪುರದ ಹುಡುಗರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಷ್ಟು ನಿಮಿಷದಲ್ಲಿ ಹತ್ತಿದೆ? ಹೇಗೆ ಇಳಿದೆ ಅಂತ ಯಾರೂ ಕೇಳುವುದಿಲ್ಲ. ಹತ್ತುವಾಗ ಗಂಟೆಗೆ 8-10 ಕಿಲೋಮೀಟರ್ ವೇಗ. ಬಿದ್ದರೂ ಮೊಣಕಾಲು ತರಚುತ್ತದೆ, ಮಾನ ಹೋಗುತ್ತದೆ, ಅಷ್ಟೇ. ಮೂಳೆ ಮುರಿಯುವುದು ಇಳಿಯುವಾಗ. ನನ್ನ ಎಡ ಕಾಲರ್ ಮೂಳೆ ಮುರಿದದ್ದೂ ಹಾಗೇ. ಆ ತಿರುವಿನಲ್ಲಿ ಲಾರಿ ಇರಲಿಲ್ಲ, ಕೋತಿ ಇರಲಿಲ್ಲ. ಒಂದು ಹಿಡಿ ಮರಳಿತ್ತು. ನಾನು ಬ್ರೇಕ್ ಹಿಡಿದಿದ್ದೆ.

ಮೊದಲು ಸ್ವಲ್ಪ ಲೆಕ್ಕ

ಬೆಟ್ಟದ ಎತ್ತರ 1478 ಮೀಟರ್. ಇಳಿಯುವ ದಾರಿ ಸುಮಾರು 8 ಕಿಲೋಮೀಟರ್, ಉದ್ದಕ್ಕೂ ತಿರುವೋ ತಿರುವು. ಬ್ರೇಕ್ ಬಿಟ್ಟು ಸುಮ್ನೆ ಕೂತರೂ ನೇರ ಜಾಗದಲ್ಲಿ ವೇಗ 50 ಮುಟ್ಟಬಹುದು.

ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ. 20ರ ವೇಗದಲ್ಲಿ ಗೋಡೆಗೆ ಗುದ್ದಿದರೆ ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. 40ರಲ್ಲಿ ಗುದ್ದಿದರೆ 6 ಮೀಟರಿಗೂ ಜಾಸ್ತಿ, ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಹಾಗೆ. ನಿಲ್ಲಿಸುವ ಲೆಕ್ಕವೂ ಅಷ್ಟೇ. 40ರಲ್ಲಿ ಸೈಕಲ್ಲು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣು ಕಂಡು, ಕೈ ಬ್ರೇಕ್ ಒತ್ತುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಇನ್ನೊಂದು 12-13 ಮೀಟರ್ ಬೇಕು. ಇಳಿಜಾರಿನಲ್ಲಿ ಅದಕ್ಕಿಂತ ಜಾಸ್ತಿ.

ಹೆಲ್ಮೆಟ್ ಇದೆಯಲ್ಲ ಅಂತೀರಾ? ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷೆ ಮಾಡುವುದು ಒಂದೂವರೆಯಿಂದ ಎರಡು ಮೀಟರ್ ಎತ್ತರದಿಂದ ಬೀಳಿಸಿ. ಜಾರಿ ಪಕ್ಕಕ್ಕೆ ಬಿದ್ದಾಗ ತಲೆ ನೆಲಕ್ಕೆ ಬರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಿಂದ. ಆಗ ಅದು ತಲೆ ಕಾಯುತ್ತದೆ, ಹಾಗಾಗಿ ಹಾಕಲೇಬೇಕು. ಎದುರಿಗೆ ಬರುವ ಕಾರಿಗೆ ಗುದ್ದಿದರೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟದವರದ್ದೂ ಇದೇ ಕಥೆ. ಕಾರ್ ರೇಸಿನ ಮೈಕೆಲ್ ಶುಮಾಕರ್ 2013ರ ಡಿಸೆಂಬರಿನಲ್ಲಿ ಫ್ರಾನ್ಸ್‌ನ ಆಲ್ಪ್ಸ್‌ನಲ್ಲಿ ಸ್ಕೀ ಮಾಡುವಾಗ ಬಿದ್ದು, ತಲೆ ಬಂಡೆಗೆ ಬಡಿದಾಗ ಹೆಲ್ಮೆಟ್ ಹಾಕಿಯೇ ಇದ್ದರು. ಆದರೆ ಸ್ಕೀ ಕಲಿಸುವವರ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ ಹೊಸಬನಿಗೆ ಮೊದಲ ದಿನವೇ ಜಾರುವುದನ್ನು ನಿಲ್ಲಿಸಲು ಕಲಿಸುತ್ತಾರೆ. ಎರಡೂ ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಬಾಣದ ಮೊನೆಯ ಹಾಗೆ. ಬಿದ್ದಾಗ ಕಾಲು ತಿರುಚಿಕೊಳ್ಳದಿರಲಿ ಅಂತ ಬೂಟಿನಿಂದ ಕಳಚಿಕೊಳ್ಳುವ ಕೊಂಡಿಯೂ ಇರುತ್ತದೆ. ಅಷ್ಟಿದ್ದೂ ಮೊಣಕಾಲಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿಯುವುದು ಅಲ್ಲಿ ಮಾಮೂಲು. ನಾವಾದರೋ ಊರ ಸಂತೆ ಬೀದಿಯಲ್ಲಿ ಸೈಕಲ್ ಕಲಿತು, ಸೀದಾ ಬೆಟ್ಟದ ತುದಿಯಿಂದ ಬಿಟ್ಟುಬಿಡುತ್ತೇವೆ.

ಹೊರಡುವ ಮುಂಚೆ

ಮೇಲೆ ತಲುಪಿದ ಮೇಲೆ ಹದಿನೈದು ನಿಮಿಷ ಕೂರಿ. ಸುಸ್ತಾದ ಕೈಯಲ್ಲಿ ಬ್ರೇಕ್ ಹಿಡಿಯಬೇಡಿ. ಎರಡೂ ಬ್ರೇಕ್ ಒತ್ತಿ ನೋಡಿ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಸಡಿಲವಾಗಿದ್ದರೆ ಇಳಿಯಬೇಡಿ, ತಳ್ಳಿಕೊಂಡು ಬನ್ನಿ. ಚಕ್ರ ಗಟ್ಟಿಯಾಗಿ ಕೂತಿದೆಯಾ ನೋಡಿ. ಹಿಂದೆ ಮುಂದೆ ಲೈಟ್ ಹಾಕಿ, ಮಂಜಿದ್ದರಂತೂ ತಪ್ಪದೆ.

ಜಾಕೆಟ್ ಮತ್ತು ಗ್ಲೌಸ್ ಶೋಕಿಗಲ್ಲ. ಹತ್ತುವಾಗ ಬೆವರಿದ ಮೈಗೆ ಇಳಿಯುವಾಗ ಡಿಸೆಂಬರಿನ ಗಾಳಿ ಹೊಡೆದರೆ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಒತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ತಿರುವಿಗೆ ಮುಂಚೆ ಬ್ರೇಕ್

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಟೈರಿನ ಹಿಡಿತ ಜೇಬಿನಲ್ಲಿರುವ ದುಡ್ಡಿನ ಹಾಗೆ. ಬ್ರೇಕಿಗೆ ಖರ್ಚು ಮಾಡಿದರೆ ತಿರುಗಲು ಉಳಿಯುವುದಿಲ್ಲ. ಸೈಕಲ್ ನೆಟ್ಟಗಿರುವಾಗಲೇ, ತಿರುವು ಬರುವ ಮುಂಚೆಯೇ ವೇಗ ಇಳಿಸಿ. ತಿರುವಿನೊಳಗೆ ಬ್ರೇಕ್ ಬಿಡಿ. ನಾನು ಮಾಡಿದ್ದು ಇದರ ಉಲ್ಟಾ. ಜೋರಾಗಿ ಬಂದೆ, ವಾಲಿದ ಮೇಲೆ ಹೆದರಿದೆ, ಮುಂದಿನ ಬ್ರೇಕ್ ಒತ್ತಿದೆ. ಕೆಳಗೆ ಮರಳು. ಮುಂದಿನ ಚಕ್ರ ಜಾರಿದ್ದು ಕಣ್ಣಿಗೆ ಕಾಣಲೇ ಇಲ್ಲ.

ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬೀಳುವುದರಿಂದ ನಿಜವಾಗಿ ನಿಲ್ಲಿಸುವುದು ಮುಂದಿನದೇ. ಹಿಂದಿನದು ಬೇಗ ಲಾಕ್ ಆಗಿ ಸ್ಕಿಡ್ ಆಗುತ್ತದೆ. ಬ್ರೇಕ್ ಹಿಡಿಯುವಾಗ ಸೊಂಟ ಹಿಂದಕ್ಕೆ ಸರಿಸಿ, ಮೈ ತಗ್ಗಿಸಿ. ಉದ್ದಕ್ಕೂ ಬ್ರೇಕ್ ಉಜ್ಜಿಕೊಂಡೇ ಬರಬೇಡಿ. ರಿಮ್ ಕಾದು ಟ್ಯೂಬ್ ಒಡೆಯಬಹುದು. ಗಟ್ಟಿಯಾಗಿ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ.

ಎಡಕ್ಕೆ ತಿರುಗುವಾಗ ಬಲಗಾಲಿನ ಪೆಡಲ್ ಕೆಳಗಿರಲಿ, ಬಲಕ್ಕೆ ತಿರುಗುವಾಗ ಎಡಗಾಲಿನದು. ಇಲ್ಲದಿದ್ದರೆ ಒಳಗಿನ ಪೆಡಲ್ ನೆಲಕ್ಕೆ ತಾಗಿ ಸೈಕಲ್ಲನ್ನು ಎತ್ತಿ ಹಾಕುತ್ತದೆ. ಕಣ್ಣು ತಿರುವಿನ ಕೊನೆಯಲ್ಲಿರಲಿ. ಗುಂಡಿಯನ್ನೇ ನೋಡುತ್ತಿದ್ದರೆ ಸೈಕಲ್ ಗುಂಡಿಗೇ ಹೋಗುತ್ತದೆ.

ಎದುರಿನವರು, ಕೋತಿಗಳು, ಮರಳು

ಟಿವಿಯಲ್ಲಿ ರೇಸ್ ನೋಡಿದವರಿಗೆ ರಸ್ತೆಯ ಪೂರ್ತಿ ಅಗಲ ಬಳಸುವ ಚಪಲ. ಅಲ್ಲಿ ರಸ್ತೆ ಬಂದ್ ಮಾಡಿರುತ್ತಾರೆ, ಇಲ್ಲಿ ಸೂರ್ಯೋದಯ ನೋಡುವ ಆತುರದಲ್ಲಿ ಕಾರುಗಳು ಮೇಲೆ ಬರುತ್ತಿರುತ್ತವೆ. ಬಲ ತಿರುವಿನಲ್ಲಿ ಒಳಗೆ ಕತ್ತರಿಸಿದರೆ ನೀವು ಅವರ ದಾರಿಯಲ್ಲಿ. ಎಡ ತಿರುವಿನಲ್ಲಿ ವೇಗ ಹೆಚ್ಚಾದರೂ ತೇಲಿಕೊಂಡು ಅಲ್ಲಿಗೇ ಹೋಗುತ್ತೀರಿ. ಮರಳು, ಜಲ್ಲಿ, ಒದ್ದೆ ಎಲೆ ಸೇರುವುದು ರಸ್ತೆಯ ಅಂಚಿನಲ್ಲಿ. ಹಾಗಾಗಿ ನಮ್ಮ ಎಡ ಪಥದ ನಡುವೆಯೇ ಬನ್ನಿ.

ಕೋತಿಗಳು ಚಿಪ್ಸ್ ಪೊಟ್ಟಣಕ್ಕಾಗಿ ಯಾವಾಗ ಬೇಕಾದರೂ ರಸ್ತೆಗೆ ಹಾರುತ್ತವೆ. ಕೋತಿ ಕಂಡ ಕಡೆ ಸೆಲ್ಫಿಗೆ ಕಾರು ನಿಲ್ಲಿಸುವವರೂ ಇರುತ್ತಾರೆ, ಅವರೇ ಜಾಸ್ತಿ ಅಪಾಯ.

ಬಿದ್ದರೆ

ಕೈ ಚಾಚಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಬೀಳುವ ಅರ್ಧ ಸೆಕೆಂಡಿನಲ್ಲಿ ಅದು ನೆನಪಾಗುವುದು ಯಾರಿಗೆ? ಆದರೂ ಹ್ಯಾಂಡಲ್ ಬಿಡದಿದ್ದರೆ, ಗದ್ದ ಎದೆಗೆ ಒತ್ತಿದರೆ ಒಳ್ಳೆಯದು. ಚಾಚಿದ ಕೈಯ ಪೆಟ್ಟು ಮಣಿಕಟ್ಟಿಗೆ, ಇಲ್ಲವೇ ಕಾಲರ್ ಮೂಳೆಗೆ ಬರುತ್ತದೆ.

ಬಿದ್ದ ತಕ್ಷಣ ಎದ್ದು ಸೈಕಲ್ ನೋಡಲು ಓಡಬೇಡಿ. ಕುತ್ತಿಗೆ ನೋಯುತ್ತಿದ್ದರೆ ಅಲ್ಲಾಡಬೇಡಿ, ಜೊತೆಯವರು ವಾಹನ ತಡೆದು 108ಕ್ಕೆ ಕರೆ ಮಾಡಲಿ. ಕುತ್ತಿಗೆ ಸರಿಯಿದ್ದರೆ ರಸ್ತೆಯಿಂದ ಪಕ್ಕಕ್ಕೆ ಬನ್ನಿ. ವಾಂತಿ, ಮಂಪರು, ಕೇಳಿದ್ದನ್ನೇ ಕೇಳುವುದು, ಇವು ತಲೆಗೆ ಪೆಟ್ಟಾದ ಲಕ್ಷಣಗಳು. ಅಂಥವರನ್ನು ಮನೆಗೆ ಕರೆದುಕೊಂಡು ಹೋಗಿ ಮಲಗಿಸದೆ ಆಸ್ಪತ್ರೆಗೆ ಸೇರಿಸಿ.

ತರಚಿದ ಗಾಯಕ್ಕೆ ಕಾಫಿಪುಡಿ, ಅರಿಶಿನ, ಬೂದಿ ಯಾವುದೂ ಬೇಡ. ಧಾರಾಳ ನೀರು ಸುರಿದು ಮಣ್ಣು ತೊಳೆಯಿರಿ. ಟಿಟಿ ಇಂಜೆಕ್ಷನ್ ಬೇಕೇ ಅಂತ ಡಾಕ್ಟರನ್ನು ಕೇಳಿ. ಹೆಬ್ಬೆರಳಿನ ಬುಡದ ಹಳ್ಳದಲ್ಲಿ ನೋವಿದ್ದರೆ ಉಳುಕು ಅಂತ ಬಿಡಬೇಡಿ. ಅಲ್ಲಿನ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ನಮ್ಮ ಕಡೆ ಮೂಳೆ ಮುರಿದರೆ ಪುತ್ತೂರು ಕಟ್ಟಿನ (ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಮೂಳೆಗೆ ಹಾಕುವ ಕಟ್ಟು) ಮಾತು ಬಂದೇ ಬರುತ್ತದೆ, ನನ್ನ ಮಾವನೂ ಅದನ್ನೇ ಹೇಳಿದರು. ಮೊದಲು ಎಕ್ಸ್‌ರೇ ಆಗಲಿ, ಮೂಳೆ ಡಾಕ್ಟರು ನೋಡಲಿ ಅಂತ ನಾನು ಹಟ ಹಿಡಿದೆ.

ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಒಳಗಿನ ಥರ್ಮಾಕೋಲ್ ಜಜ್ಜಿಹೋಗಿರಬಹುದು. ಮತ್ತೆ ಹಾಕಬೇಡಿ, ತಮ್ಮನಿಗೂ ಕೊಡಬೇಡಿ. ನನ್ನದರಲ್ಲಿ ಈಗ ಹಿತ್ತಲಲ್ಲಿ ದೊಡ್ಡಪತ್ರೆ ಬೆಳೆದಿದೆ. ತೂತುಗಳಿವೆಯಲ್ಲ, ನೀರು ಚೆನ್ನಾಗಿ ಬಸಿಯುತ್ತದೆ.