4 ಜಿಬಿ ರ‍್ಯಾಮ್‌ನಲ್ಲೇ ಸಿಂಪೈ: ನನ್ನ ಅನುಭವ

ಹಳೇ ಲ್ಯಾಪ್‌ಟಾಪ್‌ನಲ್ಲಿ ಸಿಂಪೈ (ಗಣಿತವನ್ನು ಚಿಹ್ನೆಗಳಲ್ಲೇ ಬಿಡಿಸುವ ಪೈಥಾನ್ ಲೈಬ್ರರಿ) ಕೋಡ್ ತಿದ್ದೋದು ಆಗದ ಮಾತು, ಕ್ಲೌಡ್ ಮೆಷಿನ್ ತಗೊ ಅಂದವರೇ ಎಲ್ಲ. ಎರಡು ತಿಂಗಳ ಕ್ಲೌಡ್ ಬಾಡಿಗೆ ದಂಡ ಆಯಿತು. ಹತ್ತಿರಹತ್ತಿರ ಅಷ್ಟೇ ದುಡ್ಡಿಗೆ, ಸುಮಾರು 1,800 ರೂಪಾಯಿಗೆ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 240 ಜಿಬಿ ಎಸ್‌ಎಸ್‌ಡಿ ಸಿಕ್ಕಿತು. ಈಗ ಎಲ್ಲ ಅದರಲ್ಲೇ ನಡೆಯುತ್ತಿದೆ.

ಡೇಟಾ ಉಳಿಸಲು ಗಿಟ್‌ನಲ್ಲಿ (ಕೋಡ್ ಬದಲಾವಣೆಗಳ ಇತಿಹಾಸ ಇಡುವ ಸಾಧನ) --ಡೆಪ್ತ್ 1 ಹಾಕಿ ಕ್ಲೋನ್ ಮಾಡಿದ್ದು, ಅಂದರೆ ಕೊನೆಯ ಬದಲಾವಣೆ ಮಾತ್ರ ಇಳಿಸಿಕೊಂಡಿದ್ದು, ತಪ್ಪು. ಹಿಂದಿನ ಕಮಿಟ್‌ಗಳೇ (ದಾಖಲಾದ ಬದಲಾವಣೆಗಳೇ) ಇಲ್ಲದೆ ಬಿಸೆಕ್ಟ್, ಅಂದರೆ ದೋಷ ತಂದ ಕಮಿಟ್‌ನ ಹುಡುಕಾಟ, ಮಾಡುವುದು ಎಲ್ಲಿಂದ? ಅದರ ಬದಲು --ಫಿಲ್ಟರ್=ಬ್ಲಾಬ್:ನನ್ ಹಾಕಿ. ಕಮಿಟ್‌ಗಳೆಲ್ಲ ಬರುತ್ತವೆ, ಹಳೇ ಕಡತಗಳ ಒಳಗಿನದು ಬೇಕಾದಾಗಷ್ಟೇ ಇಳಿಯುತ್ತದೆ. ಬ್ಲೇಮ್ (ಯಾವ ಸಾಲನ್ನು ಯಾರು ಬರೆದರೆಂದು ನೋಡುವುದು) ಮಾಡುವಾಗ ನೆಟ್ ಇರಲಿ.

ವೆನ್ವ್ (ಪೈಥಾನ್ ಲೈಬ್ರರಿಗಳಿಗೆ ಪ್ರತ್ಯೇಕ ಜಾಗ) ಮಾಡಿ ‘ಪಿಪ್ ಇನ್‌ಸ್ಟಾಲ್ -ಇ .’ ಕೊಟ್ಟರೆ ಸಿಂಪೈಗೆ ಬೇಕಾದ ಎಂಪಿಮ್ಯಾಥ್ ಲೈಬ್ರರಿ ತಾನೇ ಬರುತ್ತದೆ. ಕೋಡ್ ಎಷ್ಟು ತಿದ್ದಿದರೂ ಉತ್ತರ ಬದಲಾಗುತ್ತಿಲ್ಲವೇ? ‘ಸಿಂಪೈ.__ಫೈಲ್__’ ಪ್ರಿಂಟ್ ಮಾಡಿ. ನನಗೆ ಸೈಟ್-ಪ್ಯಾಕೇಜಸ್ (ಪಿಪ್ ಹಾಕಿದ ಲೈಬ್ರರಿಗಳ ಫೋಲ್ಡರ್) ದಾರಿ ಕಂಡಿತು: ಮೊದಲೇ ಹಾಕಿದ್ದ ಬಿಡುಗಡೆ ಪ್ರತಿ ಓಡುತ್ತಿತ್ತು. ಅರ್ಧ ದಿನ ಹೋಯಿತು.

ಪೂರ್ತಿ ಬಿನ್/ಟೆಸ್ಟ್ (ಸಿಂಪೈನ ಪರೀಕ್ಷೆಗಳನ್ನು ಓಡಿಸುವ ಸ್ಕ್ರಿಪ್ಟ್) ಒಂದೇ ಸಲ ಓಡಿಸಿದರೆ ಮೆಮೊರಿ ತುಂಬಿ ಸ್ವಾಪ್‌ಗೆ (ಡಿಸ್ಕನ್ನೇ ಮೆಮೊರಿಯಂತೆ ಬಳಸುವ ನಿಧಾನ ದಾರಿಗೆ) ಬೀಳುತ್ತದೆ. ಮೂರು ಗಂಟೆಯಾದರೂ ಮುಗಿಯಲಿಲ್ಲ. --ಸ್ಪ್ಲಿಟ್ 1/4, 2/4 ಎಂದು ಒಂದಾದ ಮೇಲೊಂದು ಓಡಿಸಿ, ಪ್ರತಿ ಪಾಲು ಮುಗಿದಾಗ ಬಳಸಿದ ಮೆಮೊರಿ ಬಿಡುವಾಗುತ್ತದೆ. ಹಗಲು ಹೊತ್ತು ತಿದ್ದಿದ ಫೋಲ್ಡರ್ ಮಾತ್ರ: ಬಿನ್/ಟೆಸ್ಟ್ ಸಿಂಪೈ/ಸಾಲ್ವರ್ಸ್. ಯಾವ ಟೆಸ್ಟ್ ಮೊದಲು ಎಂದು ಆರಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಇಲ್ಲಿ ಪಾಸ್, ಸಿಐನಲ್ಲಿ (ಕಳಿಸಿದ ಕೋಡನ್ನು ಸರ್ವರ್‌ನಲ್ಲಿ ತಾನೇ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಫೇಲ್ ಆದರೆ ಬಿನ್/ಟೆಸ್ಟ್ ಲಾಗ್‌ನ ತಲೆಯಲ್ಲಿ ಪೈಥಾನ್‌ಹ್ಯಾಶ್‌ಸೀಡ್ ಸಂಖ್ಯೆ ಇದೆಯೇ ನೋಡಿ. ಅದೇ ಸಂಖ್ಯೆ ಕೊಟ್ಟು ಮತ್ತೆ ಓಡಿಸಿ, ದೋಷ ಮನೆಯಲ್ಲೇ ಸಿಗಬಹುದು. ಸೀಡ್ ಬದಲಾದರೆ ಸೆಟ್‌ನೊಳಗಿನ (ನಿಗದಿತ ಕ್ರಮವಿಲ್ಲದ ಗುಂಪಿನೊಳಗಿನ) ಚಿಹ್ನೆಗಳ ಕ್ರಮ ಬದಲಾಗುತ್ತದೆ. ಆ ಕ್ರಮವನ್ನು ನಂಬಿ ಬರೆದ ಲೂಪ್ ಅಲ್ಲೇ ಮುರಿಯುತ್ತದೆ. ಸಾರ್ಟೆಡ್ ಜೊತೆ ಡೀಫಾಲ್ಟ್_ಸಾರ್ಟ್_ಕೀ (ಸಿಂಪೈನ ಸ್ಥಿರ ಕ್ರಮದ ಕೀಲಿ) ಹಾಕಿದರೆ ಸರಿಹೋಗುತ್ತದೆ. ಸಿಂಪೈ_ಯೂಸ್_ಕ್ಯಾಶ್=ನೋ ಕೊಟ್ಟು ಕ್ಯಾಶ್ (ಹಿಂದಿನ ಉತ್ತರಗಳನ್ನು ನೆನಪಿಡುವುದು) ನಿಲ್ಲಿಸಿದಾಗ ದೋಷ ಮಾಯವಾದರೆ ಕ್ಯಾಶ್ ಕಡೆ ಹುಡುಕಿ.

ನಡುವೆ ಜಿಎಂಪಿವೈ2 (ದೊಡ್ಡ ಸಂಖ್ಯೆಗಳ ವೇಗದ ಲೆಕ್ಕದ ಲೈಬ್ರರಿ) ಹಾಕಿ ನೋಡಿದೆ. ದೊಡ್ಡ ಸಂಖ್ಯೆಗಳ ಬಹುಪದಿ ಲೆಕ್ಕ ಕಣ್ಣಿಗೆ ಕಾಣುವಷ್ಟು ಚುರುಕಾಯಿತು. ಆದರೂ ಅದಿಲ್ಲದೆಯೂ ನಡೆಯುತ್ತದೆಯೇ ಎಂದು ನೋಡಲು, ಕೋಡ್ ಕಳಿಸುವ ಮೊದಲು ಸಿಂಪೈ_ಗ್ರೌಂಡ್_ಟೈಪ್ಸ್=ಪೈಥಾನ್ ಕೊಟ್ಟು ಒಮ್ಮೆ ಓಡಿಸುತ್ತೇನೆ.

ಮೊದಲ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಮನವಿ) ಕೋಡ್ ಸರಿಯಿದ್ದೂ ಸಿಐನಲ್ಲಿ ಕೆಂಪಾಗಿತ್ತು, ಅಂದರೆ ಫೇಲ್. ಕಮಿಟ್‌ನಲ್ಲಿದ್ದ ಹೆಸರು, ಇಮೇಲ್ ಎರಡೂ .ಮೇಲ್‌ಮ್ಯಾಪ್ ಕಡತದಲ್ಲಿ (ಕೋಡ್ ಬರೆದವರ ಪಟ್ಟಿಯಲ್ಲಿ) ಒಂದು ಸಾಲಾಗಿ ಸೇರಿದ ಮೇಲೇ ಹಸಿರಾಗಿದ್ದು.